ಕಾಡಿನ ಕುರುಹುಗಳು

ಮನುಷ್ಯನು ಅಕ್ಷರಗಳನ್ನು ಕಂಡುಕೊಳ್ಳುವುದಕ್ಕೆ ಬಹುಕಾಲ ಮೊದಲೇ ಓದುವುದನ್ನು ಕಲಿತಿದ್ದನು. ಆಗ ಅವನು ಓದುತ್ತಿದ್ದುದು ನೆಲವನ್ನು. ಒದ್ದೆ ಮಣ್ಣಿನಲ್ಲಿ ಮೂಡಿದ ಗೊರಸಿನ ಗುರುತು, ಅರ್ಧಕ್ಕೆ ಮುರಿದ ಕೊಂಬೆ, ಮಗುಚಿ ಬಿದ್ದ ಕಲ್ಲು, ಸುಲಿದ ತೊಗಟೆ ಇವೇ ಅವನ ಅಕ್ಷರಮಾಲೆ. ಅದನ್ನು ಸರಿಯಾಗಿ ಓದಿದವನಿಗೆ ಅಂದಿನ ಊಟ ದೊರೆಯುತ್ತಿತ್ತು. ತಪ್ಪಾಗಿ ಓದಿದವನು ಕೆಲವೊಮ್ಮೆ ಮನೆಗೆ ಹಿಂದಿರುಗುತ್ತಿರಲಿಲ್ಲ. ನಗರವಾಸಿಗಳಾದ ನಮಗೆ ಈ ವಿದ್ಯೆ ಮರೆತುಹೋಗಿದೆ. ಆದರೆ ಕಾಡಿನ ಅಂಚಿನಲ್ಲಿ ಬದುಕುವವರಿಗೆ ಅದನ್ನು ಮರೆಯುವ ಸ್ವಾತಂತ್ರ್ಯವಿಲ್ಲ.

ಕೋಲಾರ ಜಿಲ್ಲೆಯ ಬಂಗಾರಪೇಟೆಯಿಂದ ಚೆನ್ನೈ ಕಡೆಗೆ ಹೋಗುವ ರೈಲಿನಲ್ಲಿ ಕುಳಿತರೆ ಸ್ವಲ್ಪ ಹೊತ್ತಿನಲ್ಲಿಯೇ ಕಾಮಸಮುದ್ರ ನಿಲ್ದಾಣ ಬರುತ್ತದೆ. ಆ ಸೀಮೆಯಲ್ಲಿ ಬಯಲು ಮುಗಿದು ಕುರುಚಲು ಕಾಡಿನ ಗುಡ್ಡಗಳು ಮೊದಲಾಗುತ್ತವೆ. ಒಂದು ಕಡೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ, ಇನ್ನೊಂದು ಕಡೆ ಆಂಧ್ರಪ್ರದೇಶದ ಕುಪ್ಪಂ ಪ್ರದೇಶ. ಮೂರು ರಾಜ್ಯಗಳ ಗಡಿ ಇಲ್ಲಿ ಸೇರುತ್ತದೆಯಾದರೂ ಕಾಡಿಗೆ ಅದರ ಅರಿವಿಲ್ಲ. ಅಲ್ಲಿನ ಹಳ್ಳಿಯೊಂದರಲ್ಲಿ, ರಾಗಿ ಕೊಯ್ಲಿಗೆ ಬಂದಿದ್ದ ಕಾರ್ತಿಕಮಾಸದ ಒಂದು ಭಾನುವಾರ ಬೆಳಿಗ್ಗೆ, ಪ್ರೌಢಶಾಲೆಯಲ್ಲಿ ಓದುತ್ತಿದ್ದ ಹುಡುಗನೊಬ್ಬನು ಏದುಸಿರು ಬಿಡುತ್ತಾ ಮನೆಗೆ ಓಡಿಬಂದನು. ಗೆಳೆಯನೊಡನೆ ಸೌದೆ ತರಲು ಹೋಗಿದ್ದ ಅವನು ಕತ್ತಿಯನ್ನೂ ಹಗ್ಗವನ್ನೂ ಕಾಡಿನಲ್ಲಿಯೇ ಬಿಟ್ಟು ಬಂದಿದ್ದನು.

ಅವರು ಕಂಡದ್ದು ಇಷ್ಟು. ಕಾಲುದಾರಿಗೆ ಅಡ್ಡಲಾಗಿ ಎರಡು ಮರಗಳು ಒಂದರ ಮೇಲೊಂದು ವಾಲಿ, ಯಾರೋ ಬೇಕೆಂದೇ ಕಟ್ಟಿದ ಹೆಬ್ಬಾಗಿಲಿನಂತೆ ನಿಂತಿದ್ದವು. ನಿನ್ನೆಯವರೆಗೆ ಆ ಬಾಗಿಲು ಅಲ್ಲಿರಲಿಲ್ಲ. ಅದರ ಕೆಳಗೆ, ಕೆಮ್ಮಣ್ಣಿನಲ್ಲಿ, ಮೊರದಷ್ಟು ಅಗಲದ ದುಂಡನೆಯ ಗುಳಿಗಳು ಸಾಲಾಗಿ ಬಿದ್ದಿದ್ದವು. ಊರಿನಲ್ಲಿ ಮಾತು ಬೇಗ ಹಬ್ಬಿತು. ಕಾಡಿನಲ್ಲಿ ಬ್ರಹ್ಮರಾಕ್ಷಸ ಬಾಗಿಲು ಕಟ್ಟಿದೆ ಎಂದರು ಕೆಲವರು. ಯಾರೋ ಪುಂಡರು ಹೆದರಿಸಲು ಮಾಡಿದ್ದಾರೆ ಎಂದು ನಕ್ಕರು ಇನ್ನು ಕೆಲವರು. ಇಬ್ಬರೂ ಎದ್ದು ನೋಡಿ ಬರಲಿಲ್ಲ. ಹುಡುಗನ ತಾತ ಮಾತ್ರ ಹೆಗಲ ಮೇಲೆ ಟವಲು ಹಾಕಿಕೊಂಡು, “ನಡಿಯಪ್ಪ, ಕತ್ತಿ ತರೋಣ” ಎಂದನು.

ಕಾಡಿನ ಅಂಚಿಗೆ ಬಂದೊಡನೆ ತಾತ ನಿಂತನು. ಬಹಳ ಹೊತ್ತು ಮಾತಾಡದೆ ಕಿವಿಗೊಟ್ಟನು. ಮರದ ಬುಡದಲ್ಲಿ ಮಳೆ ತಾಕದೆ ಉಳಿದಿದ್ದ ಒಂದು ಚಿಟಿಕೆ ಒಣ ಮಣ್ಣನ್ನು ಎತ್ತಿ ಬಿಟ್ಟು, ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಿದನು. ಗಾಳಿ ಕಾಡಿನಿಂದ ತಮ್ಮ ಕಡೆಗೆ ಬರುತ್ತಿರುವುದು ಖಚಿತವಾದ ಮೇಲೆ ಮುಂದೆ ಹೆಜ್ಜೆಯಿಟ್ಟನು. ಒಳಗೆ ಏನಿದೆಯೋ ಅದಕ್ಕೆ ತಮ್ಮ ವಾಸನೆ ತಾಕಬಾರದು ಎಂಬುದು ಅವನ ಎಚ್ಚರಿಕೆ.

ಗುಳಿಗಳ ಬಳಿ ಕುಕ್ಕರಗಾಲಿನಲ್ಲಿ ಕುಳಿತ ತಾತ, “ಇದು ಏನೆಂದು ಆಮೇಲೆ ಹೇಳುವೆಯಂತೆ. ಏನು ಕಾಣುತ್ತದೆ, ಅದನ್ನು ಮೊದಲು ಹೇಳು” ಎಂದನು. ಹುಡುಗ ಬಗ್ಗಿ ನೋಡಿದನು. ಎಲ್ಲ ಗುಳಿಗಳೂ ಒಂದೇ ಬಗೆಯಾಗಿರಲಿಲ್ಲ. ಕೆಲವು ಹೆಚ್ಚುಕಡಿಮೆ ದುಂಡಗಿದ್ದವು. ಕೆಲವು ಸ್ವಲ್ಪ ಉದ್ದವಾಗಿ ಮೊಟ್ಟೆಯ ಆಕಾರದಲ್ಲಿದ್ದವು. ಒಂದೊಂದರ ಮುಂಭಾಗದಲ್ಲಿಯೂ ಅರ್ಧಚಂದ್ರದಂಥ ಸಣ್ಣ ಒತ್ತುಗಳಿದ್ದವು. ತಳದಲ್ಲಿ ಬಿರುಕುಬಿಟ್ಟ ಕೆರೆಯಂಗಳದಂಥ ಗೆರೆಗಳಿದ್ದವು. ಅವುಗಳ ಪಕ್ಕದಲ್ಲಿಯೇ ಊಟದ ತಟ್ಟೆಗಿಂತಲೂ ಚಿಕ್ಕದಾದ ಗುಳಿಗಳ ಇನ್ನೊಂದು ಸಾಲಿತ್ತು.

ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಹುಡುಗನಿಗೆ ಬ್ರಹ್ಮರಾಕ್ಷಸನ ನೆನಪು ಹೋಗಿತ್ತು. ಆನೆಯ ಮುಂಗಾಲಿನ ಹೆಜ್ಜೆ ದುಂಡಾಗಿಯೂ ಹಿಂಗಾಲಿನದು ನೀಳವಾಗಿಯೂ ಇರುತ್ತದೆ. ಅರ್ಧಚಂದ್ರದ ಒತ್ತುಗಳು ಉಗುರಿನವು. ಅವು ಯಾವ ದಿಕ್ಕಿಗಿವೆಯೋ ಆನೆ ಹೋದದ್ದು ಆ ದಿಕ್ಕಿಗೆ. ತಳದ ಗೆರೆಗಳು ಅಂಗಾಲಿನ ಚರ್ಮದ ಬಿರುಕುಗಳು. ಇಷ್ಟು ಭಾರದ ಪ್ರಾಣಿ ರಾತ್ರಿಯ ಹೊತ್ತು ಊರ ಪಕ್ಕದಲ್ಲಿ ಹಾದುಹೋದರೂ ಸದ್ದು ಕೇಳಿಸದಿರುವುದಕ್ಕೆ ಕಾರಣ ಆ ಪಾದವೇ. ಅದರೊಳಗೆ ಕೊಬ್ಬಿನ ಮೆತ್ತೆಯಿದ್ದು, ಊರಿದಾಗ ಅಗಲವಾಗಿ ಹರಡಿಕೊಂಡು ಭಾರವನ್ನು ಹಂಚುತ್ತದೆ. ಚಿಕ್ಕ ಗುಳಿಗಳು ಮರಿಯವು. ಮರಿಯಿದೆ ಎಂದಮೇಲೆ ತಾಯಿಯೂ ಅದರ ಬಳಗವೂ ಇವೆ. ಮರಿಯ ಜೊತೆಗಿರುವ ಹಿಂಡಿನ ಬಳಿ ಸುಳಿಯುವುದು ಬಹಳ ಅಪಾಯ.

“ಯಾವಾಗ ಹೋಗಿರಬಹುದು ತಾತ?” ಎಂದು ಹುಡುಗ ಕೇಳಿದನು. ತಾತ ಉತ್ತರ ಹೇಳದೆ ಸುತ್ತಲಿನ ನೆಲವನ್ನು ತೋರಿಸಿದನು. ಹಿಂದಿನ ದಿನ ಸಂಜೆ ಮಳೆ ಬಂದು ದೀಪ ಹಚ್ಚುವ ಹೊತ್ತಿಗೆ ನಿಂತಿತ್ತು. ಹನಿ ಬಿದ್ದ ನೆಲವೆಲ್ಲ ಸಿಡುಬಿನ ಕಲೆಯಂತೆ ಸಣ್ಣ ಸಣ್ಣ ಕುಳಿಗಳಿಂದ ತುಂಬಿತ್ತು. ಹೆಜ್ಜೆಗಳೊಳಗೆ ಮಾತ್ರ ಅಂಥ ಒಂದು ಕುಳಿಯೂ ಇರಲಿಲ್ಲ. ಹಾಗಾದರೆ ಆನೆಗಳು ಬಂದದ್ದು ಮಳೆ ನಿಂತ ಮೇಲೆ. ಸ್ವಲ್ಪ ದೂರದಲ್ಲಿ ಬಿದ್ದಿದ್ದ ಲದ್ದಿಯನ್ನು ತಾತ ಕಡ್ಡಿಯಿಂದ ಬಿಡಿಸಿ, ಕೈಯ ಹಿಂಬದಿಯನ್ನು ಹತ್ತಿರ ಹಿಡಿದನು. ಒಳಗೆ ಇನ್ನೂ ಬಿಸಿಯಿತ್ತು. ಅವು ಹೋಗಿ ಬಹಳ ಹೊತ್ತಾಗಿರಲಿಲ್ಲ.

ಈಗ ಉಳಿದದ್ದು ಬಾಗಿಲಿನ ಒಗಟು. ಮರಗಳೆರಡನ್ನೂ ಬೇರೆ ಬೇರೆಯಾಗಿ ನೋಡುವಂತೆ ತಾತ ಹೇಳಿದನು. ಒಂದು ಮರ ಹಸಿಯದು. ಅದರ ಬೇರಿನ ಒಂದು ಬದಿ ಮೇಲೆದ್ದು ಹಸಿ ಮಣ್ಣು ಅಂಟಿಕೊಂಡಿತ್ತು. ತೊಗಟೆ ಉದ್ದುದ್ದ ನಾರಾಗಿ ಸುಲಿದಿತ್ತು. ಎಲೆಗಳು ಇನ್ನೂ ಬಾಡಿರಲಿಲ್ಲ. ಇನ್ನೊಂದು ಮರಕ್ಕೆ ತೊಗಟೆಯೇ ಇರಲಿಲ್ಲ. ಅದರ ಮೈಯೆಲ್ಲ ಗೆದ್ದಲು ಕಟ್ಟಿದ ಒಣಮಣ್ಣಿನ ಲೇಪ. ಅದು ಯಾವುದೋ ಹಿಂದಿನ ಬೇಸಗೆಯ ಗಾಳಿಗೆ ಬಿದ್ದು, ಪಕ್ಕದ ಬಂಡೆಗೆ ಒರಗಿ, ಪೊದೆಯ ಮರೆಯಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದ ಮರ. ಹಿಂದಿನ ರಾತ್ರಿ ಆನೆ ಪೊದೆಯನ್ನು ತುಳಿದು, ಹಸಿಯ ಮರವನ್ನು ನೂಕಿದಾಗ ಅದು ಬಂದು ಇದರ ಮೇಲೆ ವಾಲಿತು. ಒಂದೇ ಕೈ ಒಂದೇ ರಾತ್ರಿಯಲ್ಲಿ ಕಟ್ಟಿದಂತೆ ಕಂಡ ಬಾಗಿಲು ನಿಜವಾಗಿ ಎರಡು ಕಾಲಗಳಲ್ಲಿ, ಎರಡು ಕಾರಣಗಳಿಂದ ಆದದ್ದು. ಗಾಳಿಗೆ ಆನೆಯ ವಿಷಯ ತಿಳಿಯದು. ಆನೆಗೆ ಬಾಗಿಲಿನ ಯೋಚನೆಯಿಲ್ಲ. ಎರಡನ್ನೂ ಸೇರಿಸಿ ಬಾಗಿಲು ಮಾಡಿದ್ದು ನೋಡುವವರ ಕಣ್ಣು.

ಹುಡುಗನಿಗೆ ಶಾಲೆಗೆ ಬಂದಿದ್ದ ಅರಣ್ಯ ಇಲಾಖೆಯವರು ಹೇಳಿದ್ದ ಮಾತೊಂದು ನೆನಪಾಯಿತು. ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಷ್ಟು ಮಾಡಿದರೆ ಹೆಚ್ಚುಕಡಿಮೆ ಅದರ ಭುಜದ ಎತ್ತರ ದೊರೆಯುತ್ತದೆ. ತಾತನ ಟವಲನ್ನು ಹುರಿಮಾಡಿ ಅತ್ಯಂತ ದೊಡ್ಡ ಹೆಜ್ಜೆಯ ಸುತ್ತ ಇಟ್ಟು ಅಳೆದನು. ಸುಮಾರು ನಾಲ್ಕು ಅಡಿ. ಹಾಗಾದರೆ ಆನೆ ಎಂಟಡಿ. ತಾತನಿಗೆ ಈ ಲೆಕ್ಕ ಹೊಸದು. ಅವನು ಎದ್ದು, ದಾರಿಯ ಬದಿಯ ಜಾಲಾರಿ ಮರವೊಂದರ ಕಾಂಡದ ಮೇಲೆ ಆನೆ ಮೈಯುಜ್ಜಿ ಮೆತ್ತಿದ್ದ ಕೆಸರನ್ನು ಕಣ್ಣಳತೆಯಲ್ಲಿ ನೋಡಿದನು. ಕೆಸರಿನ ಮೇಲಂಚು ಅವನ ಎತ್ತಿದ ಕೈಯ ಬೆರಳಿಗಿಂತ ಸ್ವಲ್ಪ ಮೇಲಿತ್ತು. “ನಿನ್ನ ಲೆಕ್ಕ ಸರಿಯಾಗಿದೆ ಕಣಪ್ಪ” ಎಂದನು. ಪಾಠಶಾಲೆಯ ವಿದ್ಯೆಯೂ ಕಾಡಿನ ವಿದ್ಯೆಯೂ ಆ ಮರದ ಬಳಿ ಒಂದನ್ನೊಂದು ಒಪ್ಪಿಕೊಂಡವು.

ತಾತನಿಗೆ ಈ ಓದು ಹಿರಿಯರಿಂದ ಬಂದ ಆಸ್ತಿಯಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಅವನ ಬಾಲ್ಯದಲ್ಲಿ ಆನೆ ಎಂದರೆ ಜಾತ್ರೆಯ ಆನೆ, ದೇವಸ್ಥಾನದ ಆನೆ. 1980ರ ದಶಕದ ಮೊದಲ ವರ್ಷಗಳಲ್ಲಿ ಹೊಸೂರು ಮತ್ತು ಆನೇಕಲ್ಲಿನ ಕಡೆಯ ಕಾಡುಗಳಿಂದ ಆನೆಗಳು ಪೂರ್ವಕ್ಕೆ ಸರಿದು, ಬಹುಕಾಲದಿಂದ ಆನೆಗಳೇ ಇಲ್ಲದಿದ್ದ ಆಂಧ್ರದ ಚಿತ್ತೂರು ಜಿಲ್ಲೆಯ ಕಾಡನ್ನು ಸೇರಿದವು. ಅವುಗಳಿಗಾಗಿ 1990ರಲ್ಲಿ ಅಲ್ಲಿ ಕೌಂಡಿನ್ಯ ಅಭಯಾರಣ್ಯವನ್ನು ಘೋಷಿಸಲಾಯಿತು. ಅಂದಿನಿಂದ ಈ ಗಡಿಯ ಗುಡ್ಡಗಳು ಆನೆಗಳ ಹಾದಿಯಾದವು. ರಾಗಿಯ ತೆನೆ ಬಲಿಯುವ ಹೊತ್ತಿಗೆ ಅವು ಹೊಲಕ್ಕೂ ಇಳಿದವು. ಆನೆಯನ್ನೇ ಅರಿಯದ ರೈತರು ಒಂದೊಂದು ಹೆಜ್ಜೆಯನ್ನೂ ನೋಡಿ ನೋಡಿ, ನಷ್ಟಪಟ್ಟು, ಕೆಲವರು ಪ್ರಾಣವನ್ನೂ ತೆತ್ತು, ಈ ಓದನ್ನು ಕಲಿತರು. ಆನೆಗಳೂ ತೆತ್ತಿವೆ, ಹೊಲದ ಬೇಲಿಗೆ ಅಕ್ರಮವಾಗಿ ಹರಿಸಿದ ವಿದ್ಯುತ್ತಿಗೆ ಸಿಕ್ಕಿ ಸತ್ತ ಆನೆಗಳುಂಟು. ಹೆಜ್ಜೆಯ ಗುರುತನ್ನು ಮೊದಲೇ ಓದಿ ಊರಿಗೆ ತಿಳಿಸಿದರೆ ಈ ಎರಡು ಬಗೆಯ ಸಾವುಗಳಲ್ಲಿ ಕೆಲವನ್ನಾದರೂ ತಪ್ಪಿಸಬಹುದು.

ಆ ದಿನ ನಡೆದದ್ದೂ ಹಾಗೆಯೇ. ಉಗುರಿನ ಗುರುತುಗಳು ಬಿದಿರುಮೆಳೆಯ ಕಡೆಗಿದ್ದವು. ಹಗಲೆಲ್ಲ ಅಲ್ಲಿ ನೆರಳಿಗೆ ನಿಂತ ಹಿಂಡು ಕತ್ತಲಾದೊಡನೆ ಕೆರೆಗೂ, ಕೆರೆಯಾಚೆಯ ರಾಗಿಗೂ ಬರುವುದು ನಿಶ್ಚಯ ಎಂದು ತಾತ ಎಣಿಸಿದನು. ಕತ್ತಿಯನ್ನೂ ಹಗ್ಗವನ್ನೂ ಎತ್ತಿಕೊಂಡು ಇಬ್ಬರೂ ಬಂದ ದಾರಿಯಲ್ಲಿಯೇ ಸದ್ದಿಲ್ಲದೆ ಹಿಂದಿರುಗಿದರು. ಅರಣ್ಯ ಇಲಾಖೆಯವರಿಗೆ ಸುದ್ದಿ ಹೋಯಿತು. ದನಗಳನ್ನು ಯಾರೂ ಆ ಕಡೆಗೆ ಹೊಡೆಯಲಿಲ್ಲ. ಪ್ರತಿರಾತ್ರಿಯೂ ಕಾವಲಿಗೆಂದು ಹೊಲದ ಅಟ್ಟಣೆಯ ಮೇಲೆ ಮಲಗುತ್ತಿದ್ದ ತಾತ ಅಂದು ಮನೆಯಲ್ಲಿಯೇ ಮಲಗಿದನು. ನಡುರಾತ್ರಿಯಲ್ಲಿ ಕೆರೆಯ ಕಡೆಯಿಂದ ಘೀಳಿಡುವ ಸದ್ದೂ, ಆಮೇಲೆ ಆನೆಗಳನ್ನು ಕಾಡಿಗೆ ಅಟ್ಟುವವರ ಕೂಗೂ ಕೇಳಿಸಿದವು. ಬೆಳಿಗ್ಗೆ ಹೋಗಿ ನೋಡಿದಾಗ ರಾಗಿಯ ಹೊಲದಲ್ಲಿ ಅರ್ಧದಷ್ಟು ನೆಲಸಮವಾಗಿತ್ತು. ಅಟ್ಟಣೆಯ ನಾಲ್ಕು ಕಂಬಗಳಲ್ಲಿ ಎರಡು ಮುರಿದಿದ್ದವು. ತಾತ ಆ ಕಂಬಗಳನ್ನು ಸ್ವಲ್ಪ ಹೊತ್ತು ನೋಡಿ, ಉಳಿದ ತೆನೆಗಳನ್ನು ಕೊಯ್ಯಲು ಕುಡುಗೋಲು ತರುವಂತೆ ಮೊಮ್ಮಗನಿಗೆ ಹೇಳಿದನು.

ಅಂದಿನಿಂದ ಹುಡುಗನ ಕಣ್ಣು ಬೇರೆಯಾಯಿತು. ದಿನವೂ ನೋಡುತ್ತಿದ್ದ ವಸ್ತುಗಳನ್ನೇ ಅವನು ಪ್ರಶ್ನೆ ಕೇಳತೊಡಗಿದನು. ಈಚಲುಮರವೊಂದು ಆಲದ ಮರದ ನಡುವಿನಿಂದ ತಲೆಯೆತ್ತಿ ನಿಂತಿತ್ತು. ಆಲ ಅದನ್ನು ಹಾವಿನಂತೆ ಸುತ್ತಿಕೊಂಡಿತ್ತು. ಇದನ್ನು ನೆಟ್ಟವರಾರು? ಯಾವುದೋ ಹಕ್ಕಿ ಆಲದ ಹಣ್ಣು ತಿಂದು ಈಚಲಿನ ತಲೆಯ ಮೇಲೆ ಹಿಕ್ಕೆ ಹಾಕಿದಾಗ ಬಿದ್ದ ಬೀಜ ಅಲ್ಲಿಯೇ ಮೊಳೆತು, ಬೇರನ್ನು ಕೆಳಗಿಳಿಸಿತ್ತು. ಬಾವಿಯ ಮೇಲೆ ಬಾಗಿದ ಕೊಂಬೆಯಲ್ಲಿ ಗೀಜಗನ ಗೂಡುಗಳು ತೂಗುತ್ತಿದ್ದವು. ಕೆಲವು ಪೂರ್ತಿಯಾಗಿದ್ದರೆ ಕೆಲವು ಅರ್ಧಕ್ಕೆ ನಿಂತಿದ್ದವು. ಗಂಡುಹಕ್ಕಿ ಅರ್ಧ ಹೆಣೆದು ಹೆಣ್ಣಿಗೆ ತೋರಿಸುತ್ತದೆ. ಅದು ಮೆಚ್ಚದಿದ್ದರೆ ಗೂಡು ಅಲ್ಲಿಗೇ ನಿಲ್ಲುತ್ತದೆ. ಮಾವಿನ ಮರದಲ್ಲಿ ಹಸಿರೆಲೆಗಳನ್ನು ಹೊಲಿದು ಮಾಡಿದ ಚೆಂಡಿನಂಥ ಮನೆ ಕೆಂಜಿಗ ಇರುವೆಗಳದು. ಅವುಗಳ ಮರಿಹುಳುಗಳು ಸೂಸುವ ರೇಷ್ಮೆಯೇ ಅದಕ್ಕೆ ದಾರ. ಜಗಲಿಯ ಕೆಳಗಿನ ಒಣ ದೂಳಿನಲ್ಲಿ ಬುಗುರಿಯಿಂದ ಕೊರೆದಂಥ ಸಣ್ಣ ಗುಳಿಗಳಿದ್ದವು. ಅವು ಇರುವೆಗಳನ್ನು ಬೀಳಿಸಿಕೊಂಡು ತಿನ್ನುವ ಒಂದು ಹುಳುವಿನ ಬಲೆ. ಒಗಟು ಬಿಡಿಸಿದ ಮೇಲೆ ಅವುಗಳ ಸೊಗಸು ಕಡಿಮೆಯಾಯಿತೇ ಎಂದರೆ, ಇಲ್ಲ, ಹೆಚ್ಚಾಯಿತು.

ಸಂಕ್ರಾಂತಿಯ ರಜೆಯಲ್ಲಿ ಅವನು ಬಂಗಾರಪೇಟೆಯಲ್ಲಿ ರೈಲು ಬದಲಾಯಿಸಿ, ಕೋಲಾರ ಚಿನ್ನದ ಗಣಿಯ ಮಾರಿಕುಪ್ಪದಲ್ಲಿದ್ದ ತಾತನ ತಮ್ಮನ ಮನೆಗೆ ಹೋದನು. ಈ ಚಿಕ್ಕ ತಾತ 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚುವವರೆಗೂ ಸುರಂಗದಲ್ಲಿ ದುಡಿದವನು. ಗಣಿಯ ಪುಡಿಮಣ್ಣಿನ ಬೋಳುಗುಡ್ಡಗಳ ಬಳಿ ನಡೆಯುತ್ತಿದ್ದಾಗ ಹುಡುಗ, “ಈ ಸೀಮೆಯ ನೆಲದಲ್ಲಿಯೂ ಗುಳಿಗಳಿದ್ದವೇ, ಚಿಕ್ಕ ತಾತ?” ಎಂದು ಕೇಳಿದನು. “ಇದ್ದವಪ್ಪ. ಆ ಗುಳಿಗಳಿಂದಲೇ ಈ ಊರು ಹುಟ್ಟಿದ್ದು” ಎಂದು ಮುದುಕ ಕಥೆಯನ್ನು ಆರಂಭಿಸಿದನು.

1802ರಲ್ಲಿ ಮೈಸೂರು ರಾಜ್ಯದ ಪೂರ್ವದ ಗಡಿಯನ್ನು ಅಳೆಯಲು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಅಧಿಕಾರಿ ಇಲ್ಲಿನ ಮಣ್ಣಿನಲ್ಲಿ ಚಿನ್ನವಿದೆ ಎಂಬ ಮಾತನ್ನು ಕೇಳಿದನು. ಅದನ್ನು ಕಟ್ಟುಕಥೆಯೆಂದು ತಳ್ಳಿಹಾಕದೆ, ಹಳ್ಳಿಗರಿಂದ ಮಣ್ಣನ್ನು ತರಿಸಿ ತೊಳೆಸಿ ನೋಡಿದನು. ಮಾರಿಕುಪ್ಪದ ಕಡೆಯ ಹಳೆಯ ಗುಂಡಿಗಳಲ್ಲಿ ಜನ ಕೆಲಸ ಮಾಡುತ್ತಿದ್ದುದನ್ನೂ ಕಂಡು ಬರೆದಿಟ್ಟನು. ಆ ಬರಹವನ್ನು ಓದಿದ ಮೈಕೇಲ್ ಲೆವೆಲ್ ಎಂಬ ನಿವೃತ್ತ ಸೈನಿಕನು 1871ರಲ್ಲಿ ಬೆಂಗಳೂರಿನಿಂದ ಎತ್ತಿನ ಗಾಡಿಯಲ್ಲಿ ಇಲ್ಲಿಗೆ ಬಂದನು. ಮುಂದೆ ಕಂಪನಿಗಳು ಬಂದವು, ಹಣ ಸುರಿದವು, ಆರಂಭದಲ್ಲಿ ಅಗೆದ ಕಡೆಗಳಲ್ಲಿ ನಷ್ಟವೇ ಹೆಚ್ಚಾಯಿತು. ಹಿಂದಿನವರು ತೋಡಿದ್ದ ಗುಂಡಿಗಳ ಜಾಡನ್ನೇ ಹಿಡಿದು ಕೆಳಗಿಳಿದಾಗ, 1880ರ ದಶಕದಲ್ಲಿ, ಚಿನ್ನದ ನಿಜವಾದ ಪದರ ದೊರೆಯಿತು. ಹೆಸರಿಲ್ಲದ ಆ ಹಳೆಯ ಗಣಿಗಾರರು ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ನೀರೆರೆದು ಬಿರಿಯುವಂತೆ ಮಾಡಿ, ನೂರಾರು ಅಡಿ ಇಳಿದಿದ್ದರು. ಅವರ ಬಗ್ಗೆ ನೆಲ ಹೇಳುತ್ತಿದ್ದುದನ್ನು ಕೇಳುವವರು ಬೇಕಾಗಿತ್ತು. ಆಮೇಲೆ ಇದೇ ಗಣಿ 3 ಕಿಲೋಮೀಟರಿಗಿಂತಲೂ ಹೆಚ್ಚು ಆಳಕ್ಕೆ ಇಳಿದು, ಲೋಕದ ಅತ್ಯಂತ ಆಳದ ಗಣಿಗಳಲ್ಲಿ ಒಂದಾಯಿತು.

ಚಿಕ್ಕ ತಾತ ಇನ್ನೊಂದು ಸಂಗತಿಯನ್ನೂ ಹೇಳಿದನು. 1965ರಲ್ಲಿ ಈ ಗಣಿಯ ಆಳದಲ್ಲಿ ಭಾರತ, ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣದ ಕುರುಹನ್ನು ಪಡೆದರು. ಆ ಕಣ ಕಣ್ಣಿಗೆ ಕಾಣದು, ಕೈಗೆ ಸಿಗದು. ಇಡೀ ಭೂಮಿಯನ್ನು ಹಾದುಹೋದರೂ ಬಹುಮಟ್ಟಿಗೆ ಯಾವುದಕ್ಕೂ ತಾಕುವುದಿಲ್ಲ. ಆಕಾಶದಿಂದ ಬರುವ ಇತರ ಕಣಗಳನ್ನು ಬಂಡೆ ತಡೆಯಲೆಂದು ವಿಜ್ಞಾನಿಗಳು 2 ಕಿಲೋಮೀಟರಿಗಿಂತಲೂ ಆಳದಲ್ಲಿ ಉಪಕರಣಗಳನ್ನು ಇಟ್ಟುಕೊಂಡು ಕಾದರು. ಎಲ್ಲೋ ಒಮ್ಮೊಮ್ಮೆ ನ್ಯೂಟ್ರಿನೊ ಬಂಡೆಯೊಳಗೆ ಡಿಕ್ಕಿಯಾದಾಗ ಹುಟ್ಟುವ ಮತ್ತೊಂದು ಕಣವು ಉಪಕರಣದಲ್ಲಿ ಬೆಳಕಿನ ಗೆರೆಯನ್ನು ಮೂಡಿಸುತ್ತಿತ್ತು. ಆ ಗೆರೆಯನ್ನು ಓದಿ ಅವರು ಹಾದುಹೋದವನು ಯಾರೆಂದು ತಿಳಿದರು. ಕಾಮಸಮುದ್ರದ ಕಾಡಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತ ರೈತನ ಕೆಲಸವೂ ಇದೂ ಬೇರೆ ಬೇರೆ ಜಾತಿಯವಲ್ಲ.

ಲೋಕದಲ್ಲಿ ಎಲ್ಲರೂ ಹೀಗೆ ತಾಳ್ಮೆಯಿಂದ ಓದುತ್ತಾರೆಂದಲ್ಲ. 1951ರಲ್ಲಿ ಹಿಮಾಲಯದಲ್ಲಿ ಎರಿಕ್ ಶಿಪ್ಟನ್ ಎಂಬ ಪರ್ವತಾರೋಹಿಯು ತೆಗೆದ ದೊಡ್ಡ ಹೆಜ್ಜೆಯ ಚಿತ್ರ ಪತ್ರಿಕೆಗಳಲ್ಲಿ ಪ್ರಕಟವಾದಾಗ, ಯೇತಿ ಎಂಬ ಹಿಮಮಾನವನ ಮಾತು ಎಲ್ಲೆಡೆ ಹಬ್ಬಿತು. ಹಿಮದಲ್ಲಿ ಬಿದ್ದ ಹೆಜ್ಜೆ ಬಿಸಿಲಿಗೆ ಕರಗಿ ಅಗಲವಾಗುತ್ತದೆ ಎಂಬುದನ್ನು ನೆನೆದವರು ಕಡಿಮೆ. ಯೇತಿಯವೆಂದು ಕಾಪಾಡಿಕೊಂಡು ಬಂದಿದ್ದ ಎಲುಬು, ಚರ್ಮ, ಕೂದಲು ಮುಂತಾದ 9 ಮಾದರಿಗಳನ್ನು ವಿಜ್ಞಾನಿಗಳು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: 8 ಕರಡಿಯವು, 1 ನಾಯಿಯದು. ಅಮೆರಿಕದ ಕಾಡುಗಳಲ್ಲಿ ಒಂದಕ್ಕೊಂದು ವಾಲಿದ ಮರಗಳನ್ನು ಕಂಡು ಅವು ‘ಬಿಗ್‌ಫುಟ್’ ಎಂಬ ದೈತ್ಯನ ಕಟ್ಟಡಗಳೆಂದು ನಂಬುವವರು ಇಂದಿಗೂ ಇದ್ದಾರೆ. ಆ ಹೆಸರು ಹಬ್ಬಿದ್ದು 1958ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕಂಡ ಭಾರಿ ಹೆಜ್ಜೆಗಳಿಂದ. ಅವನ್ನು ಮೂಡಿಸಿದ್ದು ತಮ್ಮ ತಂದೆಯೇ ಎಂದು 2002ರಲ್ಲಿ ಒಂದು ಕುಟುಂಬದವರು ಮರದಲ್ಲಿ ಕೆತ್ತಿದ ದೊಡ್ಡ ಪಾದಗಳನ್ನು ತೋರಿಸಿದರು. ಕುರುಹನ್ನು ಕಂಡೊಡನೆ ಹೆಸರಿಡುವ ಆತುರ ವಿದ್ಯಾವಂತರನ್ನೂ ಬಿಟ್ಟಿಲ್ಲ.

ಆದುದರಿಂದ ಒಗಟಿನಂಥ ಗುರುತನ್ನು ಕಂಡಾಗ ಕೇಳಬೇಕಾದ ಮೊದಲನೆಯ ಪ್ರಶ್ನೆ ‘ಇದು ಏನು?’ ಎಂಬುದಲ್ಲ, ‘ಇಲ್ಲಿ ಏನೇನು ಕಾಣುತ್ತಿದೆ?’ ಎಂಬುದು. ಅವಸರದಲ್ಲಿ ಇಟ್ಟ ಹೆಸರು ನೋಟವನ್ನು ನಿಲ್ಲಿಸಿಬಿಡುತ್ತದೆ. ದೆವ್ವವೆಂದವನು ಹೆದರಿ ನೋಡಲಿಲ್ಲ. ಪುಂಡರ ಕೆಲಸವೆಂದವನು ನಕ್ಕು ನೋಡಲಿಲ್ಲ. ಹೆದರಿಕೆ, ನಗೆ ಎರಡರ ಫಲವೂ ಒಂದೇ ಆಗಿತ್ತು. ಹಿಂಡು ಮಾತ್ರ ಬಿದಿರುಮೆಳೆಯಲ್ಲಿ ಕತ್ತಲನ್ನು ಕಾಯುತ್ತಿತ್ತು.

ರಜೆ ಮುಗಿಸಿ ಊರಿಗೆ ಮರಳಿದ ಹುಡುಗ ತಾತನೊಡನೆ ಮತ್ತೆ ಹೊಲಕ್ಕೆ ಹೋದನು. ತೇವವಾರದ ಕೆರೆಯಂಚಿನಲ್ಲಿ ಆ ರಾತ್ರಿಯ ದೊಡ್ಡ ಹೆಜ್ಜೆಯೊಂದು ಹಾಗೆಯೇ ಉಳಿದು, ನೀರು ತುಂಬಿಕೊಂಡು ಪುಟ್ಟ ಕೊಳವಾಗಿತ್ತು. ಅದರೊಳಗೆ ಕಪ್ಪೆಯ ಮರಿಗಳು ಬಾಲ ಬೀಸುತ್ತಾ ಓಡಾಡುತ್ತಿದ್ದವು. ತಾತ ಬದುವಿನ ಮೇಲೆ ಹೊಸ ಅಟ್ಟಣೆಗೆ ಕಂಬ ನೆಡಲು ಗುಂಡಿ ತೋಡತೊಡಗಿದನು. ಹುಡುಗ ಆ ಹೆಜ್ಜೆಯನ್ನು ತುಳಿಯದೆ ಸುತ್ತಿಕೊಂಡು ಹೋಗಿ ಹಾರೆಯನ್ನು ಎತ್ತಿಕೊಟ್ಟನು.